ಪ್ಲಂಬಿಂಗ್ ಕಾಂಟ್ರಾಕ್ಟರಿಗೆ ಯಾವ ವಿಮೆ? ಪ್ರೀಮಿಯಂ ನೋಡುವ ಮೊದಲು ತಾರೀಖು ನೋಡಿ

ಎರಡು ಕಂಪನಿಗಳಿಂದ ಕೊಟೇಶನ್ ಬಂದಿದೆ ಅಂದುಕೊಳ್ಳಿ. ಎರಡರಲ್ಲೂ ವಿಮೆಯ ಮೊತ್ತ ಒಂದೇ. ಒಂದರ ಪ್ರೀಮಿಯಂ ಮಾತ್ರ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ. ಹೆಚ್ಚಿನವರು ಅಲ್ಲಿಗೇ ತೀರ್ಮಾನ ಮಾಡಿಬಿಡುತ್ತಾರೆ. ಪ್ಲಂಬಿಂಗ್ ಕಸುಬಿನವರು ಹಾಗೆ ಮಾಡಬಾರದು. ಈ ಕೆಲಸದಲ್ಲಿ ದೊಡ್ಡ ನಷ್ಟ ಎಷ್ಟೋ ಸಲ ಎದುರಾಗುವುದು ನೀವು ಸಾಮಾನು ಕಟ್ಟಿಕೊಂಡು ಸೈಟಿನಿಂದ ಹೊರಟು ತುಂಬಾ ದಿನ ಆದ ಮೇಲೆ.

ಒಂದು ಮಾಮೂಲಿ ಪ್ರಸಂಗ ನೋಡಿ. ನೀವು ಗೋಡೆಯೊಳಗೆ ಪೈಪ್ ಹಾಕಿದಿರಿ, ಪ್ರೆಷರ್ ಟೆಸ್ಟ್ ಮಾಡಿದಿರಿ, ಬಿಲ್ ಹಣ ತಗೊಂಡು ಹೋದಿರಿ. ಆಮೇಲೆ ಕಪಾಟು ಕೂರಿಸಲು ಬಂದ ಬಡಗಿಯ ಸ್ಕ್ರೂ ಪೈಪಿನೊಳಕ್ಕೆ ಇಳಿಯಿತು. ಆ ಸ್ಕ್ರೂ ತಾನು ಮಾಡಿದ ತೂತನ್ನು ತಾನೇ ಮುಚ್ಚಿಕೊಂಡು ಕೂತಿರುತ್ತದೆ. ತಿಂಗಳುಗಟ್ಟಲೆ ಒಂದು ಹನಿಯೂ ಹೊರಗೆ ಬರುವುದಿಲ್ಲ. ಸ್ಕ್ರೂ ತುಕ್ಕು ಹಿಡಿದು ಸವೆದ ಮೇಲೆ ನೀರು ಜಿನುಗಲು ಶುರುವಾಗುತ್ತದೆ, ಗೋಡೆಯ ಬಣ್ಣ ಉಬ್ಬುತ್ತದೆ, ಕೆಳಗಿನ ಪಟ್ಟಿ ಕಪ್ಪಾಗುತ್ತದೆ, ಕೆಳಮಹಡಿಯವರ ಸೀಲಿಂಗಿನಲ್ಲಿ ಕಲೆ ಕಾಣುತ್ತದೆ. ಆಗ ಮನೆಯವರು ಮೊದಲು ಫೋನ್ ಮಾಡುವುದು ಬಡಗಿಗಲ್ಲ, ನಿಮಗೆ. ತಪ್ಪು ನಿಮ್ಮದಲ್ಲ ಅಂತ ತೋರಿಸುವುದಕ್ಕೂ ವಕೀಲರು ಬೇಕು, ತಜ್ಞರ ವರದಿ ಬೇಕು, ಹಣ ಬೇಕು.

ಇಲ್ಲಿ ಮೂರು ತಾರೀಖುಗಳಿವೆ. ಕೆಲಸ ಮಾಡಿದ ದಿನ, ನಷ್ಟ ಆದ ದಿನ, ನಿಮ್ಮ ಮೇಲೆ ಕ್ಲೇಮು ಬಂದ ದಿನ. ಈ ಮೂರರ ನಡುವೆ ವರ್ಷಗಳೇ ಇರಬಹುದು. ಅಮೆರಿಕದಲ್ಲಿ 1978ರ ಸುಮಾರಿನಿಂದ 1990ರ ದಶಕದ ನಡುಭಾಗದ ತನಕ ಲಕ್ಷಗಟ್ಟಲೆ ಮನೆಗಳಿಗೆ ಪಾಲಿಬ್ಯುಟಿಲೀನ್ ಪೈಪ್ ಹಾಕಿದರು. ನೀರಿಗೆ ಬೆರೆಸುವ ಕ್ಲೋರಿನ್‌ನಿಂದ ಆ ಪೈಪೂ ಅದರ ಪ್ಲಾಸ್ಟಿಕ್ ಫಿಟ್ಟಿಂಗುಗಳೂ ನಿಧಾನವಾಗಿ ಬಿರುಕು ಬಿಟ್ಟವು. ಅದಕ್ಕೆ ಸಂಬಂಧಿಸಿದ ಒಂದು ಸಾಮೂಹಿಕ ಮೊಕದ್ದಮೆ 1995ರಲ್ಲಿ 95 ಕೋಟಿ ಡಾಲರ್ ಒಪ್ಪಂದದಲ್ಲಿ ಮುಗಿಯಿತು. ಪೈಪ್ ಜೋಡಿಸಿದ ದಿನ ಎಲ್ಲವೂ ಸರಿಯಾಗಿಯೇ ಇತ್ತು, ಅಲ್ವಾ? ಹಾಗಾಗಿ ಯಾವ ಪಾಲಿಸಿ ಕೈಗೆ ಬಂದರೂ ಮೊದಲ ಪ್ರಶ್ನೆ ಇದು: ಈ ಮೂರು ತಾರೀಖುಗಳಲ್ಲಿ ಯಾವುದನ್ನು ಇವರು ಲೆಕ್ಕಕ್ಕೆ ಹಿಡಿಯುತ್ತಾರೆ?

ಒಕರೆನ್ಸ್ ಪಾಲಿಸಿಯೋ, ಕ್ಲೇಮ್ಸ್ ಮೇಡ್ ಪಾಲಿಸಿಯೋ

ಇತರರಿಗೆ ಆದ ನಷ್ಟ ಕಟ್ಟಿಕೊಡುವ ಹೊಣೆಗಾರಿಕೆ ವಿಮೆಯನ್ನು ಕೆಲವು ದೇಶಗಳಲ್ಲಿ ಜನರಲ್ ಲಯಬಿಲಿಟಿ ಅಂತಾರೆ, ಕೆಲವು ಕಡೆ ಪಬ್ಲಿಕ್ ಲಯಬಿಲಿಟಿ ಅಂತಾರೆ. ಇದು ಎರಡು ರೀತಿಯಲ್ಲಿ ಸಿಗುತ್ತದೆ.

ಒಕರೆನ್ಸ್ ಪಾಲಿಸಿಯಲ್ಲಿ ಮುಖ್ಯವಾಗುವುದು ನಷ್ಟ ಆದ ದಿನ. ಆ ದಿನ ಪಾಲಿಸಿ ಚಾಲ್ತಿಯಲ್ಲಿದ್ದರೆ ಸಾಕು, ಕ್ಲೇಮು ಎರಡು ವರ್ಷ ಬಿಟ್ಟು ಬಂದರೂ ಅದೇ ಪಾಲಿಸಿ ಉತ್ತರ ಕೊಡಬೇಕು. ಕ್ಲೇಮ್ಸ್ ಮೇಡ್ ಪಾಲಿಸಿಯಲ್ಲಿ ಮುಖ್ಯವಾಗುವುದು ಕ್ಲೇಮು ಬಂದ ದಿನ. ಅದರ ಜೊತೆಗೆ ರೆಟ್ರೋಆಕ್ಟಿವ್ ಡೇಟ್ ಅಂತ ಒಂದು ತಾರೀಖು ಬರೆದಿರುತ್ತಾರೆ. ಆ ದಿನಕ್ಕಿಂತ ಹಿಂದಿನದ್ದಕ್ಕೆ ಕವರ್ ಇಲ್ಲ.

ಹೊಣೆಗಾರಿಕೆ ವಿಮೆಗೆ ಪ್ಲಂಬಿಂಗ್‌ನವರು ಒಕರೆನ್ಸ್ ಪಾಲಿಸಿಯನ್ನೇ ತಗೊಳ್ಳಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕ್ಲೇಮ್ಸ್ ಮೇಡ್ ಶುರುವಿನಲ್ಲಿ ಅಗ್ಗವಾಗಿ ಕಾಣುತ್ತದೆ, ಯಾಕೆಂದರೆ ಮೊದಲ ವರ್ಷದಲ್ಲಿ ಹಳೆಯ ಕೆಲಸಗಳ ಭಾರ ಅದರ ಮೇಲೆ ಇರುವುದಿಲ್ಲ. ವರ್ಷ ಕಳೆದಂತೆ ಪ್ರೀಮಿಯಂ ಏರುತ್ತದೆ. ಬಿಟ್ಟುಬಿಡೋಣ ಅಂದರೆ ಹಿಂದಿನ ಕೆಲಸಗಳ ಮೇಲೆ ಮುಂದೆ ಬರುವ ಕ್ಲೇಮುಗಳಿಗೆ ಅಂತ ಬೇರೆ ಹಣ ಕೊಟ್ಟು ಹೆಚ್ಚಿನ ಅವಧಿ ಕೊಳ್ಳಬೇಕು. ಅದಿಲ್ಲದೆ ಬಿಟ್ಟರೆ ಅಷ್ಟೂ ವರ್ಷದ ಕೆಲಸ ಬಯಲಿಗೆ ಬಿದ್ದ ಹಾಗೆ.

ಆದರೆ ಒಕರೆನ್ಸ್ ಪಾಲಿಸಿಯ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ತುಂಬಾ ಇದೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಪಾಲಿಸಿ ಇದ್ದ ವರ್ಷದಲ್ಲಿ ಮಾಡಿದ ಕೆಲಸಕ್ಕೆಲ್ಲ ಜೀವನಪೂರ್ತಿ ಕವರ್ ಇರುತ್ತದೆ ಅಂತ ಜನ ಅಂದುಕೊಂಡಿರುತ್ತಾರೆ. ಇರುವುದಿಲ್ಲ. ಪಾಲಿಸಿ ಕೇಳುವುದು ಕೆಲಸ ಮಾಡಿದ ದಿನವನ್ನಲ್ಲ, ನಷ್ಟ ಆದ ದಿನವನ್ನು. ಈ ವರ್ಷ ಪೈಪ್ ಹಾಕಿ, ಮುಂದಿನ ವರ್ಷ ಕಸುಬು ನಿಲ್ಲಿಸಿ ಪಾಲಿಸಿಯನ್ನೂ ನಿಲ್ಲಿಸಿದಿರಿ, ಅದರ ಮುಂದಿನ ವರ್ಷ ಆ ಪೈಪ್ ಒಡೆಯಿತು ಅಂದರೆ, ಆ ದಿನ ನಿಮ್ಮ ಹತ್ತಿರ ಯಾವ ಪಾಲಿಸಿಯೂ ಇಲ್ಲ. ಕಸುಬು ಬಿಡುವವರಿಗೆ, ಮಗನಿಗೋ ಮಗಳಿಗೋ ವ್ಯವಹಾರ ವಹಿಸಿಕೊಡುವವರಿಗೆ, ಹೆಸರು ಬದಲಾಯಿಸಿ ಹೊಸ ಕಂಪನಿ ಮಾಡಿಕೊಳ್ಳುವವರಿಗೆ ಈ ಗುಂಡಿ ಕಾದಿರುತ್ತದೆ. ನಿಲ್ಲಿಸಿದ ವ್ಯವಹಾರದ ಹಳೆಯ ಕೆಲಸಗಳಿಗೆ ಅಂತಲೇ ರನ್ ಆಫ್ ಕವರ್ ಸಿಗುತ್ತದೆ. ಹೊಸ ಕೆಲಸ ನಡೆಯುತ್ತಿಲ್ಲವಾದ್ದರಿಂದ ಚಾಲ್ತಿ ಪಾಲಿಸಿಯಷ್ಟು ದುಬಾರಿ ಇರುವುದಿಲ್ಲ. ನಿವೃತ್ತಿಯ ಲೆಕ್ಕ ಹಾಕುವಾಗಲೇ ಅದನ್ನೂ ಸೇರಿಸಿಕೊಳ್ಳಿ.

ವಿಮಾ ಕಂಪನಿ ಬದಲಾಯಿಸುವವರಿಗೂ ಇದೇ ತೊಂದರೆ. ಹೊಸ ಕಂಪನಿಯ ಪಾಲಿಸಿಯಲ್ಲಿ ‘ಪಾಲಿಸಿ ಶುರುವಾಗುವ ಮೊದಲು ಮುಗಿಸಿದ ಕೆಲಸಗಳಿಗೆ ಅನ್ವಯಿಸುವುದಿಲ್ಲ’ ಅನ್ನುವ ಒಂದು ಸಾಲು ಇರಬಹುದು. ಹಳೆಯ ಪಾಲಿಸಿ ನಷ್ಟದ ದಿನ ಚಾಲ್ತಿಯಲ್ಲಿರಲಿಲ್ಲ ಅಂತ ಕೈ ಚೆಲ್ಲುತ್ತದೆ, ಹೊಸದು ಕೆಲಸ ಹಳೆಯದು ಅಂತ ಕೈ ಚೆಲ್ಲುತ್ತದೆ. ಒಂದು ದಿನವೂ ಬಿಡದೆ ಪ್ರೀಮಿಯಂ ಕಟ್ಟಿದವರೂ ನಡುವೆ ಸಿಕ್ಕಿಬೀಳುತ್ತಾರೆ. ಅಗ್ಗದ ಕೊಟೇಶನ್ ಯಾಕೆ ಅಗ್ಗ ಅನ್ನುವುದಕ್ಕೆ ಎಷ್ಟೋ ಸಲ ಆ ಒಂದು ಸಾಲೇ ಕಾರಣ.

ಇನ್ನೊಂದು ಮಾತು. ಮುಗಿಸಿದ ಕೆಲಸದಿಂದ ಆಗುವ ನಷ್ಟಕ್ಕೆ ಕಂಪ್ಲೀಟೆಡ್ ಆಪರೇಷನ್ಸ್ ಅಂತ ಬೇರೆ ಭಾಗವೇ ಇರುತ್ತದೆ. ಕೆಲವು ದೇಶಗಳಲ್ಲಿ ಇದನ್ನು ಪ್ರಾಡಕ್ಟ್ಸ್ ಲಯಬಿಲಿಟಿಯೊಳಗೆ ಸೇರಿಸಿರುತ್ತಾರೆ. ಆ ಭಾಗಕ್ಕೆ ಮಿತಿ ಎಷ್ಟು ಅಂತ ನೋಡಿ. ಖಾಲಿ ಬಿಟ್ಟಿದ್ದರೆ ಅಥವಾ ‘ಸೇರಿಲ್ಲ’ ಅಂತ ಬರೆದಿದ್ದರೆ ಆ ಕೊಟೇಶನ್ ಪಕ್ಕಕ್ಕೆ ಇಡಿ. ಪ್ಲಂಬಿಂಗ್‌ಗೆ ಅದು ಕೆಲಸಕ್ಕೆ ಬರುವುದಿಲ್ಲ.

ಯಾವುದನ್ನು ಹೊರಗಿಟ್ಟಿದ್ದಾರೆ

ಮುಖಪುಟದಲ್ಲಿ ಏನೇನು ಸಿಗುತ್ತದೆ ಅಂತ ಎಲ್ಲ ಕಂಪನಿಯವರೂ ಹೆಚ್ಚು ಕಡಿಮೆ ಒಂದೇ ಥರ ಬರೆದಿರುತ್ತಾರೆ. ವ್ಯತ್ಯಾಸ ಇರುವುದು ಎಕ್ಸ್‌ಕ್ಲೂಷನ್, ಅಂದರೆ ಯಾವುದಕ್ಕೆ ಕವರ್ ಇಲ್ಲ ಅಂತ ಬರೆದ ಪುಟಗಳಲ್ಲಿ. ಎರಡು ಪಾಲಿಸಿಗಳ ಆ ಪುಟಗಳನ್ನು ಅಕ್ಕಪಕ್ಕ ಇಟ್ಟು ಓದಿ. ಒಂದು ಸಂಜೆ ಹೋಗುತ್ತದೆ, ಹೋಗಲಿ.

ನಿಮ್ಮದೇ ಕೆಟ್ಟ ಕೆಲಸವನ್ನು ಮತ್ತೆ ಮಾಡುವ ಖರ್ಚನ್ನು ಸಾಮಾನ್ಯವಾಗಿ ಯಾವ ಹೊಣೆಗಾರಿಕೆ ಪಾಲಿಸಿಯೂ ಕೊಡುವುದಿಲ್ಲ. ಸರಿಯಾಗಿ ಕೂರದ ಕಪ್ಲಿಂಗ್ ಬದಲಾಯಿಸುವುದು ನಿಮ್ಮ ಖರ್ಚು. ಅದರಿಂದ ಹಾಳಾದ ನೆಲ, ಸೀಲಿಂಗ್, ಪೀಠೋಪಕರಣ ಪಾಲಿಸಿಯ ಖರ್ಚು. ಜಗಳ ಹುಟ್ಟುವುದು ಈ ಎರಡರ ನಡುವೆ. ಆ ಕಪ್ಲಿಂಗ್ ತನಕ ಹೋಗಲು ಟೈಲ್ಸ್ ಒಡೆಯಬೇಕು, ಗೋಡೆ ಕೊರೆಯಬೇಕು, ಆಮೇಲೆ ಮುಚ್ಚಬೇಕು. ಎಷ್ಟೋ ಸಲ ಕಪ್ಲಿಂಗಿಗಿಂತ ನೂರು ಪಟ್ಟು ಖರ್ಚು ಇದಕ್ಕೇ ಆಗುತ್ತದೆ. ಕೆಲವು ಪಾಲಿಸಿ ಕೊಡುತ್ತವೆ, ಕೆಲವು ಕೊಡುವುದಿಲ್ಲ, ಕೆಲವು ಒಂದು ಸಣ್ಣ ಮಿತಿ ಹಾಕಿ ಕೊಡುತ್ತವೆ. ‘ಒಡೆದು ತೆಗೆಯುವ ಮತ್ತು ಮುಚ್ಚುವ ಖರ್ಚು ಸೇರಿದೆಯಾ?’ ಅಂತ ಬರವಣಿಗೆಯಲ್ಲಿ ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತಗೊಳ್ಳಿ.

ನಿಧಾನವಾಗಿ ಜಿನುಗುವ ನೀರನ್ನು ಕೆಲವರು ಹೊರಗಿಡುತ್ತಾರೆ. ‘ಹಠಾತ್ತಾಗಿ ಆದ ನಷ್ಟ ಮಾತ್ರ’ ಅಂತ ಬರೆದಿದ್ದರೆ ಮೇಲೆ ಹೇಳಿದ ಸ್ಕ್ರೂ ಪ್ರಸಂಗ ಕವರ್ ಆಗುವುದು ಅನುಮಾನ. ತೇವದಿಂದ ಬರುವ ಬೂಷ್ಟು, ಬ್ಯಾಕ್ಟೀರಿಯಾ ಇವಕ್ಕೂ ಬೇರೆ ಎಕ್ಸ್‌ಕ್ಲೂಷನ್ ಇರುತ್ತದೆ. ಆಸ್ಪತ್ರೆ, ಹೋಟೆಲ್, ದೊಡ್ಡ ಕಟ್ಟಡಗಳ ಬಿಸಿನೀರಿನ ಲೈನ್ ಮಾಡುವವರು ಇದನ್ನು ಹಗುರವಾಗಿ ತಗೊಳ್ಳಬಾರದು. 1976ರಲ್ಲಿ ಫಿಲಡೆಲ್ಫಿಯಾದ ಒಂದು ಸಮಾವೇಶಕ್ಕೆ ಬಂದವರಲ್ಲಿ ಹರಡಿದ ನ್ಯುಮೋನಿಯಾದಿಂದ ಲೀಜನೆಲ್ಲಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವಿನ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ. ಬಳಕೆ ಇಲ್ಲದೆ ಬಿಟ್ಟ ಒಂದು ಪೈಪ್ ತುಂಡು, ಕಡಿಮೆ ತಾಪಕ್ಕೆ ಇಟ್ಟ ಹೀಟರ್ ಇಷ್ಟಿದ್ದರೆ ಸಾಕು. ಇಂಥ ಕೆಲಸ ಇದ್ದರೆ ಮಾಲಿನ್ಯದ ಹೊಣೆಗೆ ಅಂತ ಇರುವ ಕಾಂಟ್ರಾಕ್ಟರುಗಳ ಪೊಲ್ಯೂಷನ್ ಪಾಲಿಸಿ ಬೇರೆಯಾಗಿ ತಗೊಂಡು, ಅದರಲ್ಲಿ ಬ್ಯಾಕ್ಟೀರಿಯಾ ಸೇರಿದೆಯಾ ಅಂತ ನೋಡಬೇಕು. ಚರಂಡಿ ನೀರು ಮನೆಯೊಳಕ್ಕೆ ಉಕ್ಕಿದ ನಷ್ಟವನ್ನೂ ಕೆಲವು ಪಾಲಿಸಿ ‘ಮಾಲಿನ್ಯ’ ಅಂತ ಹೊರಗಿಡುತ್ತವೆ. ಡ್ರೈನ್ ಕೆಲಸವೇ ಮುಖ್ಯವಾಗಿರುವವರಿಗೆ ಇದು ದೊಡ್ಡ ಹೊಡೆತ.

ಬೆಂಕಿಯ ವಿಷಯ. ತಾಮ್ರದ ಪೈಪಿಗೆ ಟಾರ್ಚ್ ಹಿಡಿದು ಬೆಸುಗೆ ಹಾಕುವವರಿಗೆ ಪಾಲಿಸಿಯಲ್ಲಿ ಹಾಟ್ ವರ್ಕ್ ಷರತ್ತು ಇರುತ್ತದೆ: ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವ ಹಾಗೆ ಇರಬೇಕು, ಸುತ್ತ ಉರಿಯುವ ವಸ್ತು ತೆಗೆದಿರಬೇಕು, ಕೆಲಸ ಮುಗಿದ ಮೇಲೂ ಒಬ್ಬರು ಇಷ್ಟು ಹೊತ್ತು ಅಲ್ಲೇ ನಿಂತು ನೋಡಬೇಕು. ಗೋಡೆಯ ಸಂದಿನಲ್ಲಿ ಕಾದ ಮರದ ಪುಡಿ ಹೊಗೆಯೂ ಕಾಣದ ಹಾಗೆ ಒಳಗೇ ಕೆಂಡವಾಗಿ ಇದ್ದು ಆಮೇಲೆ ಹೊತ್ತಿಕೊಳ್ಳುತ್ತದೆ, ಅದಕ್ಕೇ ಈ ಷರತ್ತು. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 51ಬಿ ಮಾನದಂಡ 2019ರ ಆವೃತ್ತಿಯಲ್ಲಿ ಹೀಗೆ ಕಾಯುವ ಸಮಯವನ್ನು 30 ನಿಮಿಷದಿಂದ ಒಂದು ಗಂಟೆಗೆ ಏರಿಸಿತು. ನಿಮ್ಮ ಪಾಲಿಸಿ ಎಷ್ಟು ಹೇಳುತ್ತದೋ ಅಷ್ಟು ಹೊತ್ತು ನಿಮ್ಮ ಹುಡುಗರು ನಿಜವಾಗಿಯೂ ನಿಲ್ಲುತ್ತಾರಾ? ನಿಲ್ಲುವುದಿಲ್ಲ ಅಂದರೆ ಅಂಥ ಷರತ್ತಿನ ಪಾಲಿಸಿ ಇದ್ದೂ ಇಲ್ಲದ ಹಾಗೆ. ಟಾರ್ಚ್ ಇಲ್ಲದೆ ಜೋಡಿಸುವ ಪ್ರೆಸ್ ಫಿಟ್ಟಿಂಗ್, ಪುಷ್ ಫಿಟ್ ಮಾತ್ರ ಬಳಸುವವರು ಅದನ್ನು ಅರ್ಜಿಯಲ್ಲೇ ಬರೆಯಿರಿ, ಪ್ರೀಮಿಯಂ ಸ್ವಲ್ಪ ಇಳಿಯಬಹುದು.

ಇನ್ನು ಗ್ಯಾಸ್ ಲೈನ್, ಅಗ್ನಿಶಾಮಕ ಸ್ಪ್ರಿಂಕ್ಲರ್, ಇಷ್ಟು ಅಡಿಗಿಂತ ಆಳದ ಅಗೆತ, ಇಷ್ಟು ಮಹಡಿಗಿಂತ ಎತ್ತರದ ಕಟ್ಟಡ, ಹೊಸ ಅಪಾರ್ಟ್‌ಮೆಂಟ್‌ಗಳು ಇವುಗಳಲ್ಲಿ ಯಾವುದಾದರೂ ಹೊರಗಿದೆಯಾ ನೋಡಿ. ನೀವು ಮಾಡುವ ಎಲ್ಲ ಬಗೆಯ ಕೆಲಸವನ್ನೂ, ವರ್ಷಕ್ಕೊಮ್ಮೆ ಮಾಡುವುದಾದರೂ ಸರಿ, ಅರ್ಜಿಯಲ್ಲಿ ಬರೆಯಿರಿ. ‘ಮನೆ ರಿಪೇರಿ’ ಅಂತ ಬರೆದು ಕಾರ್ಖಾನೆಯ ಲೈನ್ ಮಾಡಿದರೆ ಕ್ಲೇಮಿನ ದಿನ ಅರ್ಜಿಯೇ ನಿಮ್ಮ ವಿರುದ್ಧ ಸಾಕ್ಷಿ ಆಗುತ್ತದೆ.

ಮೊತ್ತ ಎಷ್ಟಿರಬೇಕು

ಒಂದು ಸಣ್ಣ ಲೆಕ್ಕ. ಒಡೆದ ಪೈಪಿನಿಂದ ನಿಮಿಷಕ್ಕೆ 15 ಲೀಟರ್ ನೀರು ಬರುತ್ತದೆ ಅನ್ನೋಣ. ಗಂಟೆಗೆ 900 ಲೀಟರ್. ಶನಿವಾರ ಸಂಜೆ ಬೀಗ ಹಾಕಿದ ಆಫೀಸಿನಲ್ಲಿ ಸೋಮವಾರ ಬೆಳಗ್ಗೆ ತನಕ 36 ಗಂಟೆ ಹರಿದರೆ 32,400 ಲೀಟರ್. ಅದು ಒಂದೇ ಮಹಡಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಮೊತ್ತ ನಿರ್ಧರಿಸುವಾಗ ನಿಮ್ಮ ಬಿಲ್ಲಿನ ಗಾತ್ರ ನೋಡಬೇಡಿ, ನೀವು ಕೆಲಸ ಮಾಡುವ ಜಾಗದ ಕೆಳಗೆ ಏನೇನಿದೆ ಅಂತ ನೋಡಿ. ನೆಲಮಹಡಿಯ ಒಂಟಿ ಮನೆಗಳಲ್ಲಿ ಮಾತ್ರ ಕೆಲಸ ಮಾಡುವವರಿಗೂ ಕೆಳಗೆ ಸರ್ವರ್ ರೂಮೋ ಔಷಧಿ ಗೋದಾಮೋ ಇರುವ ಕಟ್ಟಡದ ಎಂಟನೇ ಮಹಡಿಯಲ್ಲಿ ಟಾಯ್ಲೆಟ್ ಕೂರಿಸುವವರಿಗೂ ಒಂದೇ ಮೊತ್ತ ಸಾಲುವುದಿಲ್ಲ.

ಒಂದು ಘಟನೆಗೆ ಎಷ್ಟು, ಇಡೀ ವರ್ಷಕ್ಕೆ ಒಟ್ಟು ಎಷ್ಟು ಅಂತ ಎರಡು ಅಂಕಿ ಇರುತ್ತವೆ. ಎರಡೂ ಒಂದೇ ಆಗಿದ್ದರೆ ಒಂದು ದೊಡ್ಡ ಕ್ಲೇಮಿನಲ್ಲಿ ಇಡೀ ವರ್ಷದ ರಕ್ಷಣೆ ಮುಗಿದುಹೋಗುತ್ತದೆ. ಒಟ್ಟು ಮೊತ್ತ ಎರಡು ಪಟ್ಟಾದರೂ ಇರಲಿ. ಹಲವು ಸೈಟ್ ಒಟ್ಟಿಗೆ ನಡೆಸುವವರು ಪ್ರತಿ ಸೈಟಿಗೂ ಬೇರೆ ಒಟ್ಟು ಮಿತಿ ಸಿಗುತ್ತದಾ ಅಂತ ಕೇಳಬೇಕು. ವಕೀಲರ ಖರ್ಚು ಈ ಮೊತ್ತದ ಒಳಗೋ ಹೊರಗೋ ಅನ್ನುವುದೂ ಅಷ್ಟೇ ಮುಖ್ಯ. ಒಳಗೆ ಅಂದರೆ ಮೊಕದ್ದಮೆ ಎಳೆದಷ್ಟೂ ಪರಿಹಾರಕ್ಕೆ ಉಳಿಯುವುದು ಕಡಿಮೆ.

ಜಾಸ್ತಿ ಮೊತ್ತ ಬೇಕಾದರೆ ಮೂಲ ಪಾಲಿಸಿಯನ್ನೇ ದೊಡ್ಡದು ಮಾಡಬಹುದು, ಇಲ್ಲವೇ ಮೂಲದ ಮೊತ್ತ ಮುಗಿದ ಮೇಲೆ ಕೊಡುವ ಅಂಬ್ರೆಲಾ ಪಾಲಿಸಿಯೊಂದನ್ನು ಮೇಲೆ ತಗೊಳ್ಳಬಹುದು. ಅಂಬ್ರೆಲಾ ಎಷ್ಟೋ ಸಲ ಅಗ್ಗ ಬೀಳುತ್ತದೆ, ವಾಹನದ ಹೊಣೆಗೂ ನೌಕರರ ಹೊಣೆಗೂ ಸೇರಿ ಮೇಲೆ ನಿಲ್ಲುತ್ತದೆ. ಆದರೆ ಕೆಳಗಿನ ಪಾಲಿಸಿಯಲ್ಲಿ ಇಲ್ಲದ್ದನ್ನು ಅದು ಕೊಟ್ಟೇ ಕೊಡುತ್ತದೆ ಅಂತ ನಂಬಬೇಡಿ. ಕೆಳಗೆ ತೂತಿದ್ದರೆ ಮೇಲೂ ಸಾಮಾನ್ಯವಾಗಿ ಅದೇ ತೂತು ಇರುತ್ತದೆ.

ಡಿಡಕ್ಟಿಬಲ್ ಅಂದರೆ ಪ್ರತಿ ಕ್ಲೇಮಿಗೂ ನೀವು ಮೊದಲು ಹಾಕಬೇಕಾದ ಹಣ. ಜಾಸ್ತಿ ಇಟ್ಟರೆ ಪ್ರೀಮಿಯಂ ಇಳಿಯುತ್ತದೆ. ಒಂದೇ ವರ್ಷ ಎರಡು ಸಲ ಕೊಡಬೇಕಾಗಿ ಬಂದರೂ ಸಂಬಳ ನಿಲ್ಲಬಾರದು, ಅಷ್ಟರ ಮಟ್ಟಕ್ಕೆ ಏರಿಸಿ. ಸಣ್ಣಪುಟ್ಟದ್ದನ್ನೆಲ್ಲ ಕ್ಲೇಮು ಮಾಡಿದರೆ ನವೀಕರಣದ ಹೊತ್ತಿಗೆ ಕಂಪನಿ ಪ್ರೀಮಿಯಂ ಏರಿಸುತ್ತದೆ, ಇಲ್ಲವೇ ಪಾಲಿಸಿಯನ್ನೇ ಕೊಡುವುದಿಲ್ಲ. ಹಾಗಾಗಿ ಸಣ್ಣದು ನಿಮ್ಮ ಜೇಬಿನಿಂದ, ದೊಡ್ಡದು ಪಾಲಿಸಿಯಿಂದ ಅನ್ನುವ ವ್ಯವಸ್ಥೆಯೇ ಒಳ್ಳೆಯದು.

ಉಪಕರಣ, ವಾಹನ, ಪ್ಯಾಕೇಜ್

ಹೊಣೆಗಾರಿಕೆ, ಅಂಗಡಿ ಅಥವಾ ಗೋದಾಮಿನ ವಿಮೆ, ವ್ಯವಹಾರ ನಿಂತಾಗಿನ ನಷ್ಟ ಇವನ್ನೆಲ್ಲ ಸೇರಿಸಿ ಪ್ಯಾಕೇಜ್ ಮಾಡಿ ಕೊಡುತ್ತಾರೆ. ಸ್ವಂತ ಅಂಗಡಿ, ಸ್ಟಾಕ್ ಇರುವವರಿಗೆ ಇದು ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಲಾಭ. ವ್ಯಾನಿನಿಂದಲೇ ಕೆಲಸ ನಡೆಸುವವರಿಗೆ ಇಲ್ಲದ ಅಂಗಡಿಗೆ ಸುಮ್ನೆ ಪ್ರೀಮಿಯಂ ಕಟ್ಟಿದ ಹಾಗಾಗುತ್ತದೆ. ಅಂಥವರು ಹೊಣೆಗಾರಿಕೆ ಮತ್ತು ಉಪಕರಣ ಎರಡನ್ನೇ ತಗೊಳ್ಳಲಿ.

ಅಂಗಡಿಯ ವಿಮೆ ಇದೆ ಅಂದಮಾತ್ರಕ್ಕೆ ಸೈಟಿನಲ್ಲಿ ಕಳುವಾದ ಪ್ರೆಸ್ ಟೂಲಿಗೆ ಹಣ ಬರುವುದಿಲ್ಲ. ಅದು ಸಾಮಾನ್ಯವಾಗಿ ಆ ವಿಳಾಸಕ್ಕೆ ಮಾತ್ರ. ಊರಿಡೀ ತಿರುಗುವ ಉಪಕರಣಕ್ಕೆ ಬೇರೆ ಕವರ್ ಬೇಕು, ಮತ್ತು ಅದರಲ್ಲಿ ನೋಡಬೇಕಾದ್ದು ವ್ಯಾನಿನ ಷರತ್ತು. ರಾತ್ರಿ ವ್ಯಾನಿನಲ್ಲಿ ಬಿಟ್ಟಿದ್ದರೆ ಇಲ್ಲ, ಬೀಗ ಒಡೆದ ಗುರುತು ಇದ್ದರೆ ಮಾತ್ರ, ಕಾವಲಿರುವ ಜಾಗದಲ್ಲಿ ನಿಲ್ಲಿಸಿದ್ದರೆ ಮಾತ್ರ, ಹೀಗೆ ಏನೇನೋ ಇರುತ್ತದೆ. ಡ್ರೈನ್ ಕ್ಯಾಮೆರಾ, ಜೆಟ್ಟಿಂಗ್ ಮೆಷಿನ್, ಥ್ರೆಡ್ಡಿಂಗ್ ಮೆಷಿನ್ ಇಂಥ ದುಬಾರಿ ಸಾಮಾನನ್ನು ಸೀರಿಯಲ್ ನಂಬರ್ ಸಮೇತ ಪಟ್ಟಿಯಲ್ಲಿ ಬರೆಸಿ, ಇಲ್ಲದಿದ್ದರೆ ‘ಒಂದು ವಸ್ತುವಿಗೆ ಇಷ್ಟೇ’ ಅನ್ನುವ ಮಿತಿ ಅಡ್ಡ ಬರುತ್ತದೆ. ಹೊಸದರ ಬೆಲೆ ಕೊಡುತ್ತಾರೋ ಸವಕಳಿ ಕಳೆದು ಕೊಡುತ್ತಾರೋ ಕೇಳಿ. ಐದು ವರ್ಷ ಹಳೆಯ ಕ್ಯಾಮೆರಾಕ್ಕೆ ಸವಕಳಿ ಕಳೆದು ಕೊಡುವ ಹಣದಲ್ಲಿ ಹೊಸದರ ಕೇಬಲ್ ಬಂದರೆ ಹೆಚ್ಚು.

ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿ ಪ್ರೀಮಿಯಂ ಉಳಿಸುವುದೂ ಕೆಲಸ ಮಾಡುವುದಿಲ್ಲ. ಸಾಮಾನಿನ ಒಟ್ಟು ಬೆಲೆ 100 ಇದ್ದು, ವಿಮೆ 60ಕ್ಕೆ ಮಾತ್ರ ಇದ್ದರೆ, 20ರಷ್ಟು ಕಳುವಾದಾಗ ಆವರೇಜ್ ಷರತ್ತಿನ ಪ್ರಕಾರ (ಬೆಲೆಯ ಎಷ್ಟು ಪಾಲಿಗೆ ವಿಮೆ ಇದೆಯೋ ನಷ್ಟದಲ್ಲೂ ಅಷ್ಟೇ ಪಾಲು) 12 ಮಾತ್ರ ಸಿಗುತ್ತದೆ.

ವಾಹನದ ಬಗ್ಗೆ ಒಂದೇ ಮಾತು: ಖಾಸಗಿ ಬಳಕೆಯ ಪಾಲಿಸಿಯಲ್ಲಿ ಕೆಲಸದ ಪೈಪ್ ಸಾಗಿಸಬೇಡಿ, ವಾಣಿಜ್ಯ ಬಳಕೆ ಅಂತಲೇ ಮಾಡಿಸಿ.

ನಿಮ್ಮ ಹುಡುಗರಿಗೆ

ನೌಕರರ ವಿಮೆಯನ್ನು ಲಾಭ ನಷ್ಟದ ಲೆಕ್ಕದಲ್ಲಿ ನೋಡಲೇಬಾರದು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ನಷ್ಟು ತೂಗುತ್ತದೆ. ಎದೆಮಟ್ಟದ ಅಗೆತದ ಒಂದು ಬದಿ ಕುಸಿದರೆ ಒಳಗಿರುವವನಿಗೆ ಉಸಿರಾಡಲು ಆಗುವುದಿಲ್ಲ. ಪ್ಲಂಬಿಂಗ್‌ನಲ್ಲಿ ಅಗೆತ, ಏಣಿ, ಬಿಸಿನೀರು, ಮುಚ್ಚಿದ ಚೇಂಬರಿನ ವಿಷಗಾಳಿ ಎಲ್ಲವೂ ಇದೆ.

ಇಲ್ಲಿ ಎರಡು ಆಯ್ಕೆಗಳನ್ನು ಜನ ಕಲಸಿಕೊಳ್ಳುತ್ತಾರೆ. ನೌಕರರ ಪರಿಹಾರ ವಿಮೆ ಕಾನೂನಿನ ಪ್ರಕಾರ ಮಾಲೀಕರು ಕೊಡಬೇಕಾದ್ದನ್ನು ಕಟ್ಟಿಕೊಡುತ್ತದೆ. ಗುಂಪು ಅಪಘಾತ ವಿಮೆ ಗಾಯಗೊಂಡವರಿಗೆ ಒಂದು ನಿಗದಿತ ಮೊತ್ತ ಕೊಡುತ್ತದೆ, ಅಷ್ಟೇ, ಮಾಲೀಕರ ಕಾನೂನು ಹೊಣೆ ಅದರಿಂದ ತೀರುವುದಿಲ್ಲ. ಎರಡನೆಯದು ತುಂಬಾ ಅಗ್ಗ, ಅದಕ್ಕೇ ಮೊದಲನೆಯದರ ಬದಲು ಅದನ್ನು ಮಾರುವವರಿದ್ದಾರೆ. ಭಾರತದಲ್ಲಿ ಮಾಲೀಕರ ಮೇಲೆ ಈ ಹೊಣೆ ಹೊರಿಸುವ ಕಾಯ್ದೆ 1923ರಲ್ಲೇ ಬಂತು. ಬ್ರಿಟನ್ನಿನಲ್ಲಿ 1969ರ ಕಾಯ್ದೆ ವಿಮೆಯನ್ನೇ ಕಡ್ಡಾಯ ಮಾಡಿತು. ನೀವಿರುವ ಕಡೆ ಏನು ನಿಯಮ ಅಂತ ತಿಳಿದುಕೊಂಡು ಮೊದಲು ಕಾನೂನಿನದ್ದು ಮಾಡಿಸಿ, ಕೈಲಾದರೆ ಅಪಘಾತ ವಿಮೆಯನ್ನು ಮೇಲೆ ಸೇರಿಸಿ. ನೀವೇ ಕೆಲಸಕ್ಕೆ ಇಳಿಯುವವರಾದರೆ ನಿಮ್ಮ ಹೆಸರು ಅದರಲ್ಲಿ ಇದೆಯಾ ನೋಡಿ. ಮಾಲೀಕರನ್ನು ಎಷ್ಟೋ ಪಾಲಿಸಿಗಳು ತಾವಾಗಿ ಸೇರಿಸಿಕೊಳ್ಳುವುದಿಲ್ಲ.

ಸಬ್‌ಕಾಂಟ್ರಾಕ್ಟರನ್ನು ಇಟ್ಟುಕೊಂಡರೆ ಅವರ ವಿಮೆಯ ಸರ್ಟಿಫಿಕೇಟ್ ತಗೊಂಡು ಇಟ್ಟುಕೊಳ್ಳಿ. ಪ್ರೀಮಿಯಂ ನಿಮ್ಮ ಸಂಬಳದ ಒಟ್ಟು ಅಥವಾ ವಹಿವಾಟಿನ ಮೇಲೆ ನಿಂತಿರುವ ಕಡೆ ವರ್ಷದ ಕೊನೆಗೆ ಆಡಿಟ್ ಇರುತ್ತದೆ. ವಿಮೆ ಇಲ್ಲದ ಸಬ್‌ಕಾಂಟ್ರಾಕ್ಟರಿಗೆ ಕೊಟ್ಟ ಹಣವನ್ನು ನಿಮ್ಮ ನೌಕರರ ಸಂಬಳ ಅಂತಲೇ ಹಿಡಿದು ಹೆಚ್ಚುವರಿ ಪ್ರೀಮಿಯಂ ಕೇಳಬಹುದು.

ದೊಡ್ಡ ಸೈಟುಗಳಲ್ಲಿ ಕೇಳುವ ಕಾಗದಗಳು

ಬಿಲ್ಡರ್ ‘ನಮ್ಮದು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿ ಇದೆ, ನಿಮಗೆ ಬೇರೆ ಬೇಡ’ ಅಂತ ಹೇಳಬಹುದು. ಆ ಪಾಲಿಸಿ ಮುಖ್ಯವಾಗಿ ಕಟ್ಟುತ್ತಿರುವ ಕಟ್ಟಡಕ್ಕೆ. ಸಬ್‌ಕಾಂಟ್ರಾಕ್ಟರುಗಳಿಗೂ ಅದರಲ್ಲಿ ಕವರ್ ಇದೆಯಾ ಅಂತ ಪ್ರತಿ ತರಿಸಿ ನೋಡಿ. ಸೇರಿದ್ದರೂ ಕೆಲಸ ಒಪ್ಪಿಸಿದ ಮೇಲಿನ ನಿರ್ವಹಣಾ ಅವಧಿ ಸಾಮಾನ್ಯವಾಗಿ 12 ತಿಂಗಳು, ಅದರಲ್ಲೂ ಕವರ್ ಸೀಮಿತ. ಹದಿನೆಂಟನೇ ತಿಂಗಳಲ್ಲಿ ಸೋರಿದ ಪೈಪಿಗೆ ನಿಮ್ಮದೇ ವಾರ್ಷಿಕ ಪಾಲಿಸಿ ಬೇಕು. ಅದಕ್ಕೇ ಒಂದೊಂದು ಪ್ರಾಜೆಕ್ಟಿಗೆ ಪಾಲಿಸಿ ಮಾಡಿಸುವುದಕ್ಕಿಂತ ವರ್ಷದ ಪಾಲಿಸಿಯನ್ನು ಬಿಡದೆ ನಡೆಸುವುದು ಮೇಲು.

ತಮ್ಮನ್ನು ‘ಅಡಿಷನಲ್ ಇನ್ಶೂರ್ಡ್’ ಮಾಡಿ, ಅಂದರೆ ನಿಮ್ಮ ಪಾಲಿಸಿಯಲ್ಲಿ ತಮ್ಮ ಹೆಸರನ್ನೂ ಸೇರಿಸಿ ಅಂತ ಬಿಲ್ಡರ್ ಕೇಳಿದರೆ ಕೆಲಸ ನಡೆಯುವ ಅವಧಿಗೆ ಮಾತ್ರವೋ, ಮುಗಿದ ಮೇಲೂನೋ ಅಂತ ತಿಳಿದುಕೊಳ್ಳಿ. ಅಮೆರಿಕದ ಫಾರಂಗಳಲ್ಲಿ ಇದಕ್ಕೆ ಎರಡು ಬೇರೆ ಕಾಗದಗಳಿವೆ, ಸಿಜಿ 20 10 ಮತ್ತು ಸಿಜಿ 20 37. ಒಂದನ್ನು ಕೊಟ್ಟು ಎರಡೂ ಕೊಟ್ಟಿದ್ದೇವೆ ಅಂತ ಒಪ್ಪಂದಕ್ಕೆ ಸಹಿ ಹಾಕಿದರೆ ಒಪ್ಪಂದ ಮುರಿದ ಹೊಣೆ ನಿಮ್ಮದು. ಸರ್ಟಿಫಿಕೇಟ್ ಅನ್ನುವುದು ಪಾಲಿಸಿ ಇದೆ ಅಂತ ಹೇಳುವ ಒಂದು ಹಾಳೆ, ಅದರಿಂದ ಯಾವ ಹಕ್ಕೂ ಹುಟ್ಟುವುದಿಲ್ಲ.

ಶ್ಯೂರಿಟಿ ಬಾಂಡನ್ನು ವಿಮೆ ಅಂದುಕೊಳ್ಳಬೇಡಿ. ನೀವು ಕೆಲಸ ಬಿಟ್ಟುಹೋದರೆ ಬಾಂಡ್ ಕಂಪನಿ ಗ್ರಾಹಕರಿಗೆ ಹಣ ಕೊಡುತ್ತದೆ, ಆಮೇಲೆ ಅದನ್ನು ನಿಮ್ಮಿಂದ ವಸೂಲಿ ಮಾಡುತ್ತದೆ. ಹಾಗೆಯೇ ‘ಮನೆಯವರಿಗೆ ವಿಮೆ ಇದೆ, ಅವರ ಕಂಪನಿ ನೋಡಿಕೊಳ್ಳುತ್ತದೆ’ ಅಂತಲೂ ಸುಮ್ಮನಿರಬೇಡಿ. ಅವರ ಕಂಪನಿ ಅವರಿಗೆ ಹಣ ಕೊಟ್ಟು, ಅವರ ಜಾಗದಲ್ಲಿ ನಿಂತು ನಿಮ್ಮ ಮೇಲೆ ಬರುತ್ತದೆ.

ಪೈಪಿನ ಅಳತೆ, ಪಂಪಿನ ಸಾಮರ್ಥ್ಯ, ಡ್ರೈನಿನ ಇಳಿಜಾರು ಇವನ್ನು ನೀವೇ ಲೆಕ್ಕ ಹಾಕಿ ಡ್ರಾಯಿಂಗ್ ಕೊಡುವವರಾದರೆ ಲೆಕ್ಕ, ಡ್ರಾಯಿಂಗಿನ ತಪ್ಪಿನಿಂದಾಗುವ ನಷ್ಟಕ್ಕೆ ಪ್ರೊಫೆಷನಲ್ ಇಂಡೆಮ್ನಿಟಿ ವಿಮೆ ಬೇಕು. ಬೇರೆಯವರ ಡ್ರಾಯಿಂಗ್ ಪ್ರಕಾರ ಮಾಡುವವರಿಗೆ ಅದರ ಅಗತ್ಯ ಕಡಿಮೆ. ಇದು ಹೆಚ್ಚಾಗಿ ಕ್ಲೇಮ್ಸ್ ಮೇಡ್ ರೂಪದಲ್ಲೇ ಸಿಗುತ್ತದೆ, ಆದ್ದರಿಂದ ಒಮ್ಮೆ ಶುರು ಮಾಡಿದರೆ ನಡುವೆ ಬಿಡಬೇಡಿ.

ಯಾರಿಗೆ ಯಾವುದು

ಒಬ್ಬರೇ, ಅಥವಾ ಒಬ್ಬ ಸಹಾಯಕರ ಜೊತೆ ಮನೆ ರಿಪೇರಿ ಮಾಡುವವರಿಗೆ: ಕಂಪ್ಲೀಟೆಡ್ ಆಪರೇಷನ್ಸ್ ಇರುವ ಒಕರೆನ್ಸ್ ಪಾಲಿಸಿ, ಸಹಾಯಕರಿಗೆ ನೌಕರರ ವಿಮೆ, ದುಬಾರಿ ಉಪಕರಣಕ್ಕೆ ಕವರ್. ಹಣ ಸಾಲದಿದ್ದರೆ ಉಪಕರಣದ್ದನ್ನು ಬಿಡಿ, ಮೊದಲಿನ ಎರಡನ್ನು ಬಿಡಬೇಡಿ. ಕಳುವಾದ ಮೆಷಿನ್ ಮತ್ತೆ ದುಡಿದು ಕೊಳ್ಳಬಹುದು.

ಹೊಸ ಕಟ್ಟಡಗಳಲ್ಲಿ ತಂಡ ಇಟ್ಟುಕೊಂಡು ಕೆಲಸ ಮಾಡುವವರಿಗೆ ಹಳೆಯ ಕೆಲಸ ಹೊರಗಿಡದ ಪಾಲಿಸಿ ಎಲ್ಲಕ್ಕಿಂತ ಮುಖ್ಯ, ಯಾಕೆಂದರೆ ಇವರ ಬೆನ್ನ ಹಿಂದೆ ನೂರಾರು ಬಾತ್‌ರೂಮುಗಳಿರುತ್ತವೆ. ಆಮೇಲೆ ಪ್ರತಿ ಸೈಟಿಗೆ ಬೇರೆ ಮಿತಿ, ಆಮೇಲೆ ಅಂಬ್ರೆಲಾ. ಆಸ್ಪತ್ರೆ, ಹೋಟೆಲ್, ಕಾರ್ಖಾನೆ ಮಾಡುವವರು ಇದರ ಮೇಲೆ ಪೊಲ್ಯೂಷನ್ ಮತ್ತು ಪ್ರೊಫೆಷನಲ್ ಎರಡನ್ನೂ ಬೆಲೆ ಕೇಳಿ ನೋಡಬೇಕು. ಡ್ರೈನ್ ಕೆಲಸದವರಿಗೆ ಅಂಬ್ರೆಲಾಗಿಂತ ಪೊಲ್ಯೂಷನ್ ಮೊದಲು.

ಯಾವ ಪಾಲಿಸಿ ಆರಿಸಿದರೂ ಕ್ಲೇಮು ಗೆಲ್ಲಿಸುವುದು ನಿಮ್ಮ ದಾಖಲೆ. ಪ್ರೆಷರ್ ಟೆಸ್ಟ್ ಮಾಡುವಾಗ, ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸುತ್ತೀರಲ್ಲ, ಆಗ ಗೇಜಿನ ಮುಳ್ಳು ಕಾಣುವ ಹಾಗೆ ಶುರುವಿನಲ್ಲೊಂದು, ಕೊನೆಯಲ್ಲೊಂದು ಫೋಟೋ ತೆಗೆಯಿರಿ. ಗೋಡೆ ಮುಚ್ಚುವ ಮೊದಲು ಟೇಪ್ ಹಿಡಿದು ಪೈಪ್ ಎಲ್ಲಿದೆ ಅಂತ ಇನ್ನೊಂದು. ಸ್ಕ್ರೂ ಇಳಿದ ತಪ್ಪು ಬಡಗಿಯದ್ದೋ ನಿಮ್ಮದೋ ಅಂತ ಹೇಳುವುದು ಆ ಫೋಟೋ. ಸೋರಿಕೆಯ ದೂರು ಬಂದು ರಿಪೇರಿ ಮಾಡಿದಾಗ ಒಡೆದ ಫಿಟ್ಟಿಂಗನ್ನು ಎಸೆಯಬೇಡಿ, ಚೀಟಿ ಅಂಟಿಸಿ ಇಡಿ. ತಯಾರಿಕೆಯ ದೋಷ ಅಂತ ಆದರೆ ಹೊಣೆ ಅದನ್ನು ಮಾಡಿದವರ ಕಡೆ ಹೋಗುತ್ತದೆ. ಕಂಪನಿಗೆ ತಿಳಿಸುವ ಮೊದಲೇ ‘ನಮ್ಮದೇ ತಪ್ಪು, ನಾವೇ ಕೊಡುತ್ತೇವೆ’ ಅಂತ ಬರೆದುಕೊಡಬೇಡಿ. ನೀರು ನಿಲ್ಲಿಸಿ, ಒಣಗಿಸಲು ಸಹಾಯ ಮಾಡಿ, ಅದೇ ದಿನ ಕಂಪನಿಗೆ ತಿಳಿಸಿ. ತಡವಾಗಿ ತಿಳಿಸಿದ್ದೇ ಕಾರಣ ಮಾಡಿ ಕ್ಲೇಮು ತಳ್ಳಿಹಾಕಬಹುದು.

ಕೊಳ್ಳುವಾಗ ಒಂಟಿ ಕೆಲಸದವರಿಗೆ ಆನ್‌ಲೈನ್ ಪಾಲಿಸಿ ಸಾಲಬಹುದು. ತಂಡ ಇರುವವರು ಕಟ್ಟಡ ಕಾಂಟ್ರಾಕ್ಟರುಗಳ ವಿಮೆ ಮಾಡಿ ಅಭ್ಯಾಸ ಇರುವ ಬ್ರೋಕರ್ ಹತ್ತಿರ ಹೋಗಿ. ಏಜೆಂಟ್ ಒಂದೇ ಕಂಪನಿಯದ್ದನ್ನು ತೋರಿಸಿದರೆ ಬ್ರೋಕರ್ ನಾಲ್ಕು ತರಿಸುತ್ತಾರೆ. ಕೊಟೇಶನ್ ಜೊತೆ ಪೂರ್ತಿ ಪಾಲಿಸಿಯ ಪ್ರತಿ ಕೇಳಿ. ಕೊಡಲು ಹಿಂದೆಮುಂದೆ ನೋಡುವವರನ್ನು ಬಿಟ್ಟು ಮುಂದಿನವರ ಹತ್ತಿರ ಹೋಗಿ. ಇದಕ್ಕೆಲ್ಲ ನವೀಕರಣಕ್ಕೆ ಎರಡು ತಿಂಗಳು ಇರುವಾಗಲೇ ಶುರು ಮಾಡಿ, ಹೊಸ ಪಾಲಿಸಿಯ ಹಳೆ ಕೆಲಸದ ಸಾಲನ್ನು ಓದಿ, ಪಾಲಿಸಿ ಕೈಗೆ ಬಂದ ಮೇಲೆಯೇ ಹಳೆಯದನ್ನು ನಿಲ್ಲಿಸಿ. ಹಳೆಯ ಪಾಲಿಸಿಗಳ ಪ್ರತಿಗಳನ್ನು ವರ್ಷವಾರು ಒಂದೇ ಫೈಲಿನಲ್ಲಿ ಇಡಿ. ನಾಲ್ಕು ವರ್ಷದ ಹಿಂದಿನ ನಷ್ಟಕ್ಕೆ ಉತ್ತರ ಕೊಡಬೇಕಾದ್ದು ಆ ವರ್ಷದ ಕಾಗದವೇ.